ಮನುಷ್ಯನು ದೇವರ ಸ್ವರೂಪದಲ್ಲಿ ಉಂಟಾದನೆಂದರೆ ಏನು? – ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ನಡೆಯುವ ಬೈಬಲ್ ತರಗತಿಯನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲನೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ಪಾಠ ಮುಂದೆ ಸಾಗದೆ ನಿಲ್ಲುತ್ತದೆ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂಬ ಮಾತು ಕೇಳುವುದಕ್ಕೆ ಸರಳವಾದರೂ ಬಿಡಿಸಿ ಹೇಳುವುದಕ್ಕೆ ಹೊರಟರೆ ಒಂದರ ಹಿಂದೆ ಒಂದು ಪ್ರಶ್ನೆ ಏಳುತ್ತದೆ. ಮಾಲೂರು, ಮುಳಬಾಗಿಲು, ಕೆ.ಜಿ.ಎಫ್. ಕಡೆಯಿಂದ ಬರುವ ಯುವಕ ಯುವತಿಯರು, ಕ್ರೈಸ್ತರಲ್ಲದ ನೆರೆಹೊರೆಯವರು, ಒಮ್ಮೊಮ್ಮೆ ಸಭೆಯ ಹಿರಿಯರು ಕೇಳಿದ ಪ್ರಶ್ನೆಗಳನ್ನೂ ಅವಕ್ಕೆ ನಾನು ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಈ ಮಾತು ಬೈಬಲಿನಲ್ಲಿ ಎಲ್ಲೆಲ್ಲಿ ಬರುತ್ತದೆ?

ಇಷ್ಟು ಪ್ರಸಿದ್ಧವಾದ ಮಾತು ಎಷ್ಟು ಕಡಿಮೆ ಸಲ ಬರುತ್ತದೆಂಬುದೇ ಮೊದಲನೆಯ ಆಶ್ಚರ್ಯ. ಹಳೆಯ ಒಡಂಬಡಿಕೆಯಲ್ಲಿ ಇದು ಕಾಣುವುದು ಆದಿಕಾಂಡದಲ್ಲಿ ಮಾತ್ರ, ಅದೂ ಮೂರೇ ಕಡೆ: 1ನೆಯ ಅಧ್ಯಾಯದ 26 ಮತ್ತು 27ನೆಯ ವಚನಗಳಲ್ಲಿ, 5ನೆಯ ಅಧ್ಯಾಯದ ಆರಂಭದಲ್ಲಿ, ಜಲಪ್ರಳಯ ಕಳೆದ ಮೇಲೆ ನರಹತ್ಯೆಯನ್ನು ನಿಷೇಧಿಸುವ 9ನೆಯ ಅಧ್ಯಾಯದ 6ನೆಯ ವಚನದಲ್ಲಿ. 8ನೆಯ ಕೀರ್ತನೆಯಲ್ಲಿ ಇದೇ ಭಾವವಿದೆ, ಆದರೆ ಈ ಪದವಿಲ್ಲ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಮತ್ತು ಪೌಲನ ಪತ್ರಿಕೆಗಳು ಇದನ್ನು ಮತ್ತೆ ಎತ್ತಿಕೊಳ್ಳುತ್ತವೆ.

ದೇವರಿಗೂ ನಮ್ಮ ಹಾಗೆ ಕಣ್ಣು, ಮೂಗು, ಕೈಕಾಲುಗಳಿವೆ ಎಂದು ಇದರ ಅರ್ಥವೇ?

ಅಲ್ಲ. ದೇವರು ಆತ್ಮಸ್ವರೂಪನೆಂದು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಹಾಗೆಂದು ದೇಹಕ್ಕೂ ಈ ಮಾತಿಗೂ ಸಂಬಂಧವೇ ಇಲ್ಲವೆಂದು ತಳ್ಳಿಹಾಕುವುದೂ ಸರಿಯಲ್ಲ. ಆದಿಕಾಂಡದ 9ನೆಯ ಅಧ್ಯಾಯವು ಮನುಷ್ಯನ ರಕ್ತವನ್ನು ಸುರಿಸಬಾರದೆಂದು ಹೇಳುವಾಗ ದೇವರ ಸ್ವರೂಪವನ್ನೇ ಕಾರಣವಾಗಿ ಕೊಡುತ್ತದೆ. ರಕ್ತ ಹರಿಯುವುದು ದೇಹದಲ್ಲಿ. ಆದ್ದರಿಂದ ಮನುಷ್ಯನೊಳಗಿನ ಯಾವುದೋ ಕಾಣದ ಭಾಗ ಮಾತ್ರ ದೇವರ ಸ್ವರೂಪ, ಉಳಿದದ್ದು ಬರೀ ಮಣ್ಣು ಎಂಬ ವಿಂಗಡಣೆ ಆದಿಕಾಂಡದ್ದಲ್ಲ. ಇಡೀ ಮನುಷ್ಯನೇ ಆ ಹೆಸರಿಗೆ ಪಾತ್ರನು.

ಹಾಗಾದರೆ ‘ಸ್ವರೂಪ’ ಎಂಬ ಪದವನ್ನು ಹೇಗೆ ತಿಳಿದುಕೊಳ್ಳಬೇಕು?

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅರ್ಧದಷ್ಟು ಗೊಂದಲಗಳು ಈ ಪದದಿಂದಲೇ ಹುಟ್ಟುತ್ತವೆ. ಕನ್ನಡ ಬೈಬಲಿನಲ್ಲಿ ‘ಸ್ವರೂಪ’ ಮತ್ತು ‘ಹೋಲಿಕೆ’ ಎಂಬ ಎರಡು ಪದಗಳಿವೆ. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತನಾಡುವವರು ಓದುವ ಬೈಬಲಿನಲ್ಲಿಯೂ ‘ಸ್ವರೂಪಮು’, ‘ಪೋಲಿಕ’ ಎಂದೇ ಇದೆ. ಕೆ.ಜಿ.ಎಫ್.ನ ತಮಿಳು ಕುಟುಂಬಗಳು ಓದುವ ಬೈಬಲಿನಲ್ಲಿ ಮಾತ್ರ ‘ಸಾಯಲ್’ ಎಂಬ ಪದವಿದೆ. ತಂದೆಯ ಸಾಯಲ್ ಮಗನಿಗೆ ಬಂದಿದೆ ಎನ್ನುವಾಗ ಬಳಸುವ ಮನೆಮಾತು ಅದು. ಒಂದೇ ತರಗತಿಯಲ್ಲಿ ಮೂರು ಭಾಷೆಯವರು ಕುಳಿತಿರುವಾಗ ತಮಿಳು ಮಕ್ಕಳಿಗೆ ಈ ವಚನ ಬೇಗ ಅರ್ಥವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕನ್ನಡದ ‘ಸ್ವರೂಪ’ಕ್ಕೆ ವೇದಾಂತದ ದೀರ್ಘ ಪರಿಚಯವಿರುವುದರಿಂದ, ಅದನ್ನು ಕೇಳಿದೊಡನೆ ‘ಒಂದು ವಸ್ತುವಿನ ನಿಜವಾದ ಸ್ವಭಾವ’ ಎಂಬ ಅರ್ಥ ಮನಸ್ಸಿಗೆ ಬಂದು, ಮನುಷ್ಯನ ನಿಜಸ್ವಭಾವವೇ ದೇವರು ಎಂದು ವಚನ ಹೇಳುತ್ತಿರುವಂತೆ ತೋರುತ್ತದೆ.

ಹೀಬ್ರೂ ಮೂಲದಲ್ಲಿರುವ ಪದ ‘ತ್ಸೆಲೆಮ್’. ಇದು ತತ್ತ್ವಶಾಸ್ತ್ರದ ಪದವಲ್ಲ, ಶಿಲ್ಪಿಯ ಪದ. ಕಡೆದ ಅಥವಾ ಎರಕ ಹೊಯ್ದ ಪ್ರತಿಮೆಗೆ ಬೈಬಲಿನ ಬೇರೆ ಕಡೆಗಳಲ್ಲಿ ಇದೇ ಪದವಿದೆ. ದಾನಿಯೇಲನ ಪುಸ್ತಕದ 3ನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ನಿಲ್ಲಿಸಿದ ಬಂಗಾರದ ಪ್ರತಿಮೆಗೆ ಬಳಸಿರುವುದೂ ಅರಾಮಿಕ್ ಭಾಷೆಯ ಇದೇ ಪದವನ್ನು. 1979ರಲ್ಲಿ ಸಿರಿಯಾದ ಟೆಲ್ ಫೆಖೆರಿಯೆ ಎಂಬಲ್ಲಿ ಗೂಜಾನವೆಂಬ ಪ್ರಾಚೀನ ಪಟ್ಟಣದ ಅರಸನೊಬ್ಬನ ಕಲ್ಲಿನ ಪ್ರತಿಮೆ ದೊರೆಯಿತು. ಅದು ಕ್ರಿಸ್ತಪೂರ್ವ 9ನೆಯ ಶತಮಾನದ್ದು. ಅದರ ಮೈಮೇಲೆ ಅಕ್ಕಾಡಿಯನ್ ಮತ್ತು ಅರಾಮಿಕ್ ಎರಡೂ ಭಾಷೆಗಳಲ್ಲಿ ಬರಹವಿದೆ. ಅರಾಮಿಕ್ ಬರಹವು ಆ ಪ್ರತಿಮೆಯನ್ನು ಕರೆಯುವಾಗ, ಆದಿಕಾಂಡದಲ್ಲಿ ಜೊತೆಯಾಗಿ ಬರುವ ‘ಸ್ವರೂಪ’, ‘ಹೋಲಿಕೆ’ ಎಂಬ ಎರಡು ಪದಗಳ ನೆಂಟ ಪದಗಳನ್ನೇ ಬಳಸುತ್ತದೆ.

ಅರಸರು ಪ್ರತಿಮೆ ನಿಲ್ಲಿಸುತ್ತಿದ್ದುದು ತಾವು ಖುದ್ದಾಗಿ ಇರಲಾಗದ ಕಡೆಯಲ್ಲಿ ತಮ್ಮ ಇರವನ್ನು ಸೂಚಿಸುವುದಕ್ಕಾಗಿ. ಇನ್ನೊಂದು ಕಡೆ, ಅರಸನೇ ದೇವರ ಪ್ರತಿಮೆಯೆಂಬ ನಂಬಿಕೆಯೂ ಇತ್ತು. ಈಜಿಪ್ಟಿನ ತುತಾಂಖಾಮುನ್ ಎಂಬ ಹೆಸರಿನ ಅರ್ಥವೇ ‘ಅಮುನ್ ದೇವರ ಜೀವಂತ ಪ್ರತಿಮೆ’ ಎಂದು. ಆ ಕಾಲದ ಲೋಕದಲ್ಲಿ ಈ ಬಿರುದು ಹೆಚ್ಚಾಗಿ ಸಿಂಹಾಸನದ ಮೇಲೆ ಕುಳಿತವನಿಗೆ ಮೀಸಲಾಗಿತ್ತು. ಆದಿಕಾಂಡವು ಅದನ್ನು ಸಿಂಹಾಸನದಿಂದ ಇಳಿಸಿ ಹೊಲದಲ್ಲಿ ದುಡಿಯುವವನಿಗೂ ಕೊಟ್ಟುಬಿಟ್ಟಿತು. ಈ ವಚನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ: ದೇವರ ಸ್ವರೂಪವೆಂಬುದು ಮನುಷ್ಯನಲ್ಲಿರುವ ಒಂದು ಗುಣವಲ್ಲ, ಅವನಿಗೆ ಕೊಡಲಾದ ಸ್ಥಾನ. ಗುಣವಾದರೆ ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ ಇರಬಹುದು. ಕೊಟ್ಟ ಸ್ಥಾನಕ್ಕೆ ಹಾಗೆ ತೂಕವಿಲ್ಲ.

ಪ್ರತಿಮೆ ಎನ್ನುತ್ತೀರಿ. ವಿಗ್ರಹ ಮಾಡಿಕೊಳ್ಳಬಾರದೆಂದು ಆಜ್ಞಾಪಿಸಿದ ದೇವರೇ ಪ್ರತಿಮೆ ಮಾಡಿದನೇ?

ಇದನ್ನು ಮೊದಲು ಕೇಳಿದವನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಡೆಯ ಒಬ್ಬ ಹುಡುಗ. ಶಿವಾರಪಟ್ಟಣವು ಶಿಲ್ಪಿಗಳ ಊರು; ಅಲ್ಲಿ ಬೀದಿಯಲ್ಲಿ ನಡೆದರೆ ಉಳಿ ಸುತ್ತಿಗೆಯ ಸದ್ದು ಕೇಳುತ್ತದೆ, ಅರ್ಧ ಕೆತ್ತಿದ ದೇವರುಗಳು ಮನೆಗಳ ಮುಂದೆ ನಿಂತಿರುತ್ತವೆ. ಕಡೆದು ಮುಗಿದ ಮೂರ್ತಿ ಕೂಡಲೇ ದೇವರಾಗುವುದಿಲ್ಲ, ಕಣ್ಣು ತೆರೆಸುವ ನೇತ್ರೋನ್ಮೀಲನವೂ ಪ್ರಾಣಪ್ರತಿಷ್ಠೆಯೂ ಆಗಬೇಕು ಎಂಬುದು ಅಲ್ಲಿಯ ಮಕ್ಕಳಿಗೆ ಗೊತ್ತು. ಪ್ರಾಚೀನ ಬಾಬೆಲಿನಲ್ಲಿಯೂ ಹೊಸ ಮೂರ್ತಿಗೆ ‘ಬಾಯಿ ತೊಳೆಯುವ’ ವಿಧಿಯೊಂದಿತ್ತು. ಅದರಲ್ಲಿ ಕುಶಲಕರ್ಮಿಗಳು ‘ಇದನ್ನು ಮಾಡಿದವನು ನಾನಲ್ಲ’ ಎಂದು ಹೇಳಬೇಕಾಗಿತ್ತು.

ಈಗ ಆದಿಕಾಂಡದ 2ನೆಯ ಅಧ್ಯಾಯವನ್ನು ಓದಿದರೆ ಅದರ ಧಾಟಿ ತಿಳಿಯುತ್ತದೆ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸುತ್ತಾನೆ, ಅವನ ಮೂಗಿನಲ್ಲಿ ಜೀವಶ್ವಾಸವನ್ನು ಊದುತ್ತಾನೆ. ರೂಪಿಸುವುದು, ಉಸಿರು ಕೊಡುವುದು, ಆಮೇಲೆ ತೋಟದಲ್ಲಿ ಇರಿಸುವುದು – ಶಿಲ್ಪಿ ಮತ್ತು ಪುರೋಹಿತ ಇಬ್ಬರ ಕೆಲಸವನ್ನೂ ಇಲ್ಲಿ ದೇವರೇ ಮಾಡುತ್ತಾನೆ, ಮಾಡಿದವನು ತಾನಲ್ಲವೆಂದು ಹೇಳುವುದೂ ಇಲ್ಲ. ಹತ್ತು ಆಜ್ಞೆಗಳಲ್ಲಿ ವಿಗ್ರಹವನ್ನು ನಿಷೇಧಿಸುವುದಕ್ಕೂ ಇದಕ್ಕೂ ವಿರೋಧವಿಲ್ಲ. ದೇವರು ತನ್ನ ಪ್ರತಿಮೆಯನ್ನು ಆಗಲೇ ಮಾಡಿಟ್ಟಿದ್ದಾನೆ. ಅದು ನಡೆದಾಡುತ್ತದೆ, ಮಾತನಾಡುತ್ತದೆ, ಹಸಿಯುತ್ತದೆ. ಅದಿರುವಾಗ ಮನುಷ್ಯನು ಇನ್ನೊಂದನ್ನು ಮಾಡುವ ಅಗತ್ಯವಿಲ್ಲವೆಂಬುದು ಆ ಆಜ್ಞೆಯ ಹಿಂದಿರುವ ತರ್ಕವೆಂದು ನಾನು ತಿಳಿದಿದ್ದೇನೆ. ಶಿವಾರಪಟ್ಟಣದ ಕಸಬನ್ನು ಹಳಿಯುವ ಉದ್ದೇಶ ನನಗಿಲ್ಲ. ನಿಜ ಹೇಳುವುದಾದರೆ ಈ ವಚನವನ್ನು ನಾನು ಸರಿಯಾಗಿ ಓದಲು ಕಲಿತದ್ದೇ ಆ ಹುಡುಗನ ಪ್ರಶ್ನೆಯಿಂದ.

ಸ್ವರೂಪ ಬೇರೆ, ಹೋಲಿಕೆ ಬೇರೆಯೇ?

2ನೆಯ ಶತಮಾನದಲ್ಲಿ ಲಿಯಾನಿನ ಬಿಷಪ್ ಐರೇನಿಯಸ್ ಹೀಗೊಂದು ಭೇದವನ್ನು ಮಾಡಿದನು: ಸ್ವರೂಪವು ಸೃಷ್ಟಿಯಲ್ಲಿಯೇ ಬಂದದ್ದು, ಹೋಲಿಕೆಯು ಪಾಪದಿಂದ ಕಳೆದುಹೋಗಿ ಪವಿತ್ರಾತ್ಮನಿಂದ ಮತ್ತೆ ದೊರೆಯುವಂಥದ್ದು. ಪೂರ್ವದ ಸಭೆಗಳ ಧ್ಯಾನಪರಂಪರೆಗೆ ಇದರಿಂದ ಬಹಳ ಸಾರ ಸಿಕ್ಕಿತು. ಆದರೆ ಹೀಬ್ರೂ ಬರವಣಿಗೆಯಲ್ಲಿ ಒಂದೇ ವಿಷಯವನ್ನು ಎರಡು ಪದಗಳಲ್ಲಿ ಹೇಳುವುದು ವಾಡಿಕೆ. ನಾವು ‘ರೂಪುರೇಖೆ’ ಎಂದು ಜೋಡಿಸಿ ಹೇಳುವ ಹಾಗೆ. 5ನೆಯ ಅಧ್ಯಾಯದಲ್ಲಿ ಈ ಎರಡು ಪದಗಳು ಹಿಂದು ಮುಂದಾಗಿಯೂ ಬರುವುದರಿಂದ ಇವೆರಡರ ನಡುವೆ ಗೋಡೆ ಕಟ್ಟುವುದು ಕಷ್ಟ.

‘ನಮ್ಮ ಸ್ವರೂಪದಲ್ಲಿ’ ಎಂದು ಬಹುವಚನ ಏಕಿದೆ?

ದೇವರು ತನ್ನ ಸುತ್ತಲಿನ ಪರಲೋಕದ ಸಭೆಯೊಡನೆ ಮಾತನಾಡುತ್ತಿದ್ದಾನೆಂದು ಯೆಹೂದಿ ವ್ಯಾಖ್ಯಾನಕಾರರು ಹೇಳಿದರು, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿಯೂ ಒಬ್ಬನೇ ಆದ ತ್ರಯೈಕ ದೇವರ ಸೂಚನೆ ಇದೆಂದು ಸಭೆಯ ಪಿತೃಗಳೆನಿಸಿದ ಆದಿಕಾಲದ ಬೋಧಕರು ಹೇಳಿದರು, ಸ್ವಂತದೊಡನೆ ಆಲೋಚಿಸುವ ಮಾತಿನ ರೀತಿಯಿದೆಂದು ಹಲವು ವ್ಯಾಕರಣಕಾರರು ಹೇಳಿದರು. ಮುಂದಿನ ವಚನದಲ್ಲಿ ‘ತನ್ನ ಸ್ವರೂಪದಲ್ಲಿ’ ಎಂದು ಏಕವಚನವೇ ಇರುವುದನ್ನು ಮರೆಯಬಾರದು.

ಬುದ್ಧಿಯೇ ದೇವರ ಸ್ವರೂಪವೆಂದು ಕೆಲವರು ಹೇಳುತ್ತಾರಲ್ಲ?

ಹೇಳಿದವರು ಸಾಮಾನ್ಯರಲ್ಲ. ನೆನಪು, ತಿಳಿವಳಿಕೆ, ಇಚ್ಛೆ ಎಂಬ ಮೂರರಲ್ಲಿ ತ್ರಯೈಕ ದೇವರ ಪಡಿಯಚ್ಚನ್ನು ಕಂಡವನು ಆಗಸ್ಟಿನ್. ಮನುಷ್ಯನ ಬೌದ್ಧಿಕ ಸ್ವಭಾವದಲ್ಲಿ ಅದನ್ನು ಗುರುತಿಸಿದವನು ತೋಮಸ್ ಅಕ್ವೀನಾಸ್. ಶತಮಾನಗಳ ಕಾಲ ಪಾಶ್ಚಾತ್ಯ ಸಭೆ ಈ ಹಾದಿಯಲ್ಲಿಯೇ ನಡೆಯಿತು. ಇವರಿಬ್ಬರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಈ ಹಾದಿ ನನಗೆ ಒಪ್ಪಿಗೆಯಾಗುವುದಿಲ್ಲ. ಅದಕ್ಕೆ ಕಾರಣ ಯಾವ ಪುಸ್ತಕವೂ ಅಲ್ಲ, ನಮ್ಮ ಜಿಲ್ಲೆಗಳ ಮನೆಗಳು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಈ ಕಡೆಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ವರ್ಷಗಟ್ಟಲೆ ಅದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮೂಳೆ ಗಟ್ಟಿಯಾಗಿ ಬೆನ್ನು ಬಾಗುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ. ನೆಟ್ಟಗೆ ನಿಲ್ಲುವುದೇ ಮನುಷ್ಯನ ಹಿರಿಮೆಯೆಂದೂ, ಪ್ರಾಣಿಗಳು ನೆಲ ನೋಡಿದರೆ ಮನುಷ್ಯನು ಆಕಾಶ ನೋಡುತ್ತಾನೆಂದೂ ಬರೆದ ಹಳೆಯ ಉಪದೇಶಗಳಿವೆ. ಬೆನ್ನು ಬಾಗಿ ನೆಲವನ್ನೇ ನೋಡುತ್ತ ನಡೆಯುವ ಅಜ್ಜಿಯೊಬ್ಬರ ಮುಂದೆ ಆ ಉಪದೇಶವನ್ನು ಓದುವ ಧೈರ್ಯ ಯಾರಿಗಾದರೂ ಬರುತ್ತದೆಯೇ? ಬುದ್ಧಿಯ ಮಾತೂ ಹಾಗೆಯೇ. ಬುದ್ಧಿಯೇ ಸ್ವರೂಪವಾದರೆ, ಹುಟ್ಟಿನಿಂದ ಮಾತು ಬಾರದ, ಎಣಿಸಲು ಬಾರದ ಮಗು ದೇವರಿಗೆ ಕಾಲುಭಾಗ ಮಾತ್ರ ಹೋಲುತ್ತದೆಯೇ? ಮರೆವಿನ ಕಾಯಿಲೆಯಿಂದ ತನ್ನ ಮಕ್ಕಳ ಹೆಸರನ್ನೇ ಮರೆತ ತಂದೆಯಲ್ಲಿ ಸ್ವರೂಪವೂ ದಿನಕ್ಕಿಷ್ಟು ಸೋರಿಹೋಗುತ್ತದೆಯೇ?

ಆದಿಕಾಂಡ ಹಾಗೆ ಹೇಳುವುದಿಲ್ಲ. ಸ್ವರೂಪಕ್ಕೆ ಇಂಥ ಶಕ್ತಿ ಇರಬೇಕೆಂಬ ಪಟ್ಟಿಯನ್ನೇ ಅದು ಕೊಡುವುದಿಲ್ಲ. 5ನೆಯ ಅಧ್ಯಾಯದ 3ನೆಯ ವಚನದಲ್ಲಿ ಆದಾಮನು ತನ್ನ ಹೋಲಿಕೆಯಲ್ಲಿ, ತನ್ನ ಸ್ವರೂಪದಂತೆ ಸೇತನನ್ನು ಪಡೆದನೆಂದಿದೆ. ಮಗನು ಮಗನಾಗುವುದು ತಂದೆಯಷ್ಟು ಕೆಲಸ ಮಾಡಬಲ್ಲನೆಂಬುದಕ್ಕಲ್ಲ, ಅವನಿಂದ ಹುಟ್ಟಿದನೆಂಬುದಕ್ಕೆ. ಬುದ್ಧಿ, ಮಾತು, ಪ್ರೀತಿಸುವ ಶಕ್ತಿ ಇವೆಲ್ಲ ಆ ಸ್ಥಾನಕ್ಕೆ ತಕ್ಕ ಕೆಲಸ ಮಾಡಲು ಕೊಟ್ಟ ಸಲಕರಣೆಗಳು. ಸಲಕರಣೆ ಮುರಿದರೆ ಕೆಲಸ ನಿಲ್ಲಬಹುದು, ಸ್ಥಾನ ಹೋಗುವುದಿಲ್ಲ.

ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಇವು ಮಿಷನ್ ಕಾಲದಲ್ಲಿ ಹುಟ್ಟಿದವು. ಇಂಥ ಆಸ್ಪತ್ರೆಗಳ ಬಗ್ಗೆ ಹೊಗಳಿಕೆಯ ಜೊತೆಗೆ ಟೀಕೆಯನ್ನೂ ಮಾಡಬಹುದು. ಆದರೆ ವಾಸಿಯಾಗುವ ಭರವಸೆಯಿಲ್ಲದ ರೋಗಿಗೂ ಹಾಸಿಗೆ ಕೊಡಬೇಕೆಂಬ ನಿಲುವು, ಮನುಷ್ಯನ ಬೆಲೆ ಅವನ ಉಪಯೋಗದಲ್ಲಿಲ್ಲವೆಂದು ನಂಬಿದವರಿಗೆ ಮಾತ್ರ ಸಹಜವಾಗಿ ಬರುವಂಥದ್ದು.

ಪಾಪ ಮಾಡಿದ ಮೇಲೆ ಸ್ವರೂಪ ಉಳಿಯಿತೇ, ಅಳಿಯಿತೇ?

ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಲೂಥರನು ಅದು ಕಳೆದುಹೋಯಿತೆಂದು ಖಡಾಖಂಡಿತವಾಗಿ ಬರೆದನು. ಅವನ ದೃಷ್ಟಿಯಲ್ಲಿ ಸ್ವರೂಪವೆಂದರೆ ಆದಾಮನಿಗಿದ್ದ ಮೂಲ ನೀತಿ. ಇನ್ನೊಬ್ಬ ಸುಧಾರಕ ಕ್ಯಾಲ್ವಿನನು ಅದು ಘೋರವಾಗಿ ವಿಕಾರಗೊಂಡರೂ ಪೂರ್ತಿಯಾಗಿ ಅಳಿಸಿಹೋಗಿಲ್ಲವೆಂದನು. ಮುಂದೆ ನಿಂತ ಮನುಷ್ಯನು ಯೋಗ್ಯನೇ ಎಂದು ನೋಡದೆ ಅವನಲ್ಲಿರುವ ದೇವರ ಸ್ವರೂಪವನ್ನು ನೋಡಿ ಗೌರವಿಸಬೇಕೆಂದೂ ಕಲಿಸಿದನು. ನಾನು ಕ್ಯಾಲ್ವಿನನ ಕಡೆಗಿದ್ದೇನೆ. ನರಹತ್ಯೆಯ ನಿಷೇಧ ಬರುವುದು ಏದೆನ್ ತೋಟದಲ್ಲಲ್ಲ, ಆದಾಮನು ಪಾಪಕ್ಕೆ ಬಿದ್ದು ಪ್ರಳಯವೂ ಆದ ಮೇಲೆ. ಒಂದೇ ನಾಲಿಗೆಯಿಂದ ತಂದೆಯಾದ ದೇವರನ್ನು ಕೊಂಡಾಡಿ, ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವೆಂದು ಯಾಕೋಬನು 3ನೆಯ ಅಧ್ಯಾಯದಲ್ಲಿ ಗದರಿಸುವುದೂ ತನ್ನ ಕಾಲದ ಸಾಧಾರಣ ಜನರ ಬಗ್ಗೆಯೇ. ಬೈಯಬಾರದವರ ಪಟ್ಟಿಯಲ್ಲಿ ಒಳ್ಳೆಯವರು ಮಾತ್ರ ಇದ್ದಾರೆಂದು ಅವನು ಹೇಳಿಲ್ಲ.

ರೋಮಿನ ಚಕ್ರವರ್ತಿ ಕೈಸರನಿಗೆ ತೆರಿಗೆ ಕೊಡಬಹುದೇ ಎಂದು ಕೆಲವರು ಯೇಸುವನ್ನು ಕೇಳಿದಾಗಿನ ನಾಣ್ಯದ ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ‘ಇದರಲ್ಲಿರುವ ಚಿತ್ರ ಯಾರದು?’ ಎಂದು ಯೇಸು ಕೇಳಿದಾಗ ಗ್ರೀಕ್ ಸುವಾರ್ತೆಯಲ್ಲಿರುವ ಪದ ‘ಐಕೋನ್’. ಗ್ರೀಕ್ ಹಳೆಯ ಒಡಂಬಡಿಕೆಯು ಆದಿಕಾಂಡದ ‘ಸ್ವರೂಪ’ಕ್ಕೆ ಬಳಸಿದ್ದೂ ಅದೇ. ಕೈಸರನ ಚಿತ್ರವಿರುವುದು ಕೈಸರನಿಗೆ, ದೇವರದು ದೇವರಿಗೆ ಎಂದು ಅವನು ಹೇಳಿದಾಗ, ದೇವರ ಚಿತ್ರ ಒತ್ತಿರುವುದು ಯಾವುದರ ಮೇಲೆಂದು ಬಿಡಿಸಿ ಹೇಳಲಿಲ್ಲ. ಕೇಳುತ್ತಿದ್ದವರಿಗೆ ಆದಿಕಾಂಡ ಬಾಯಿಪಾಠವಾಗಿತ್ತು. ಸವೆದ ನಾಣ್ಯವೂ ಮಣ್ಣು ಹಿಡಿದ ನಾಣ್ಯವೂ ಅದೇ ಅರಸನದು.

ಹೆಣ್ಣಿಗೂ ಇದು ಸಮಾನವಾಗಿ ಅನ್ವಯಿಸುತ್ತದೆಯೇ?

ಹೌದು. ಆದಿಕಾಂಡ 1ನೆಯ ಅಧ್ಯಾಯದ 27ನೆಯ ವಚನವು ಒಂದೇ ಉಸಿರಿನಲ್ಲಿ ‘ಗಂಡು ಹೆಣ್ಣಾಗಿ’ ಎಂದು ಸೇರಿಸುತ್ತದೆ; ಗಂಡಿಗೆ ಮೊದಲು ಕೊಟ್ಟು ಹೆಣ್ಣಿಗೆ ಆಮೇಲೆ ಹಂಚಿದಂತೆ ಅಲ್ಲಿ ಬರೆದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದ 7ನೆಯ ವಚನವನ್ನು ಎತ್ತಿ ತೋರಿಸಿ, ಪುರುಷನೇ ದೇವರ ಸ್ವರೂಪ, ಸ್ತ್ರೀಯು ಪುರುಷನ ಮಹಿಮೆ ಎಂದಿದೆಯಲ್ಲ ಎಂದು ವಾದಿಸುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಪೌಲನು ಅಲ್ಲಿ ಆರಾಧನೆಯಲ್ಲಿ ತಲೆಗೆ ಮುಸುಕು ಹಾಕುವ ವಿಚಾರವನ್ನು ಚರ್ಚಿಸುತ್ತಿದ್ದಾನೆ, ಸ್ತ್ರೀಯು ದೇವರ ಸ್ವರೂಪವಲ್ಲವೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಮೇಲಾಗಿ ಅದೇ ಅಧ್ಯಾಯದ 11 ಮತ್ತು 12ನೆಯ ವಚನಗಳಲ್ಲಿ ಒಬ್ಬರಿಲ್ಲದೆ ಒಬ್ಬರಿಲ್ಲವೆಂದು ತಾನೇ ತಿದ್ದಿಕೊಳ್ಳುತ್ತಾನೆ. 7ಕ್ಕೆ ಗುರುತು ಹಾಕಿಕೊಂಡು 11ರ ತನಕ ಓದದೆ ಬರುವವರಿಗೆ ನಾನು ಬೇರೆ ಉತ್ತರವನ್ನು ಕೊಡುವುದಿಲ್ಲ.

ನಮ್ಮ ಕಡೆಯ ಜಾತಿಯ ವಿಚಾರಕ್ಕೆ ಇದರಿಂದ ಏನು ಹೇಳಲು ಸಾಧ್ಯ?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಬೋಧನೆಗೆ ಕೋಲಾರದಲ್ಲಿ ಬೆಲೆಯಿಲ್ಲ. 2000ನೆಯ ಇಸವಿಯ ಮಾರ್ಚ್ 11ರಂದು, ಆಗ ನಮ್ಮ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತವಾಗಿ ಸುಟ್ಟುಹಾಕಲಾಯಿತು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದಿಕಾಂಡ 9ನೆಯ ಅಧ್ಯಾಯವನ್ನು ಓದುವಾಗ ನಮ್ಮ ತರಗತಿಯಲ್ಲಿ ಈ ಊರಿನ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಬೇಕಾದದ್ದೇ.

ಕೆ.ಜಿ.ಎಫ್.ನ ನೆನಪೂ ಇದಕ್ಕೆ ಸೇರುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ತನಕ, ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ಚಿನ್ನದ ಅದಿರನ್ನು ಒಡೆದವರಲ್ಲಿ ತಮಿಳು ಜಿಲ್ಲೆಗಳಿಂದ ಬಂದ ದಲಿತರೇ ಬಹುಪಾಲು. ನೆಲದ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು. ಕಾರ್ಮಿಕರಿಗೆ ಸಾಲುಮನೆಯ ಲೈನು. ಎರಡೂ ಕಡೆಗಳಲ್ಲಿ ಭಾನುವಾರ ಚರ್ಚಿಗೆ ಹೋಗಿ ಅದೇ ಆದಿಕಾಂಡವನ್ನು ಓದಿದವರಿದ್ದರು. 4ನೆಯ ಶತಮಾನದಲ್ಲಿಯೇ ನಿಸ್ಸಾದ ಬಿಷಪ್ ಗ್ರೆಗೋರಿಯು, ದೇವರ ಸ್ವರೂಪದಲ್ಲಿರುವವನಿಗೆ ಬೆಲೆ ಕಟ್ಟಿ ಕೊಳ್ಳಲು ಯಾರಿಂದ ಸಾಧ್ಯವೆಂದು ಗುಲಾಮಗಿರಿಯ ವಿರುದ್ಧ ಉಪದೇಶ ಮಾಡಿದ್ದನು. ಸಭೆಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಆದಿಕಾಂಡದ ಮಾತು ಜಾತಿಗೆ ಅಡ್ಡವಾಗಿ ನಿಲ್ಲುವುದು ಒಂದು ಖಚಿತ ಕಾರಣಕ್ಕೆ. ಹುಟ್ಟಿನಿಂದ ಬಂದ ಸ್ಥಾನವೆಂಬ ಜಾತಿಯ ವಾದವನ್ನು ಅದು ಹುಟ್ಟಿನಿಂದ ಬಂದ ಇನ್ನೊಂದು ಸ್ಥಾನದಿಂದಲೇ ಎದುರಿಸುತ್ತದೆ, ಮತ್ತು ಆ ಸ್ಥಾನದಲ್ಲಿ ಮೆಟ್ಟಿಲುಗಳಿಲ್ಲ. ಯೆಹೂದಿ ಧರ್ಮದ ಪ್ರಾಚೀನ ನಿಯಮಸಂಗ್ರಹವಾದ ಮಿಶ್ನಾದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ: ಮನುಷ್ಯನು ಒಂದು ಅಚ್ಚಿನಲ್ಲಿ ನಾಣ್ಯಗಳನ್ನು ಒತ್ತಿದರೆ ಎಲ್ಲವೂ ಒಂದೇ ರೀತಿ ಬರುತ್ತವೆ, ದೇವರು ಎಲ್ಲರನ್ನೂ ಆದಾಮನ ಅಚ್ಚಿನಲ್ಲಿ ಒತ್ತಿದರೂ ಒಬ್ಬರಂತೆ ಒಬ್ಬರಿಲ್ಲ. ಒಬ್ಬನೇ ಆದಾಮನಿಂದ ಎಲ್ಲರೂ ಬಂದದ್ದು ‘ನನ್ನ ಮೂಲಪುರುಷ ನಿನ್ನವನಿಗಿಂತ ದೊಡ್ಡವನು’ ಎಂದು ಯಾರೂ ಹೇಳದಿರಲೆಂದೇ ಎಂಬ ಮಾತೂ ಅಲ್ಲಿಯೇ ಇದೆ. ಸಮಾಧಿಯ ಜಾಗದಲ್ಲಿ, ಮದುವೆಯ ಮಾತುಕತೆಯಲ್ಲಿ ಜಾತಿ ನೋಡುವ ಕ್ರೈಸ್ತ ಕುಟುಂಬಗಳು ನಮ್ಮಲ್ಲೇ ಇರುವಾಗ ಈ ಮಾತನ್ನು ಬೇರೆಯವರಿಗೆ ಬೋಧಿಸುವ ಮೊದಲು ನಾವು ಓದಿಕೊಳ್ಳಬೇಕು.

ಭೂಮಿಯನ್ನು ವಶಮಾಡಿಕೊಂಡು ಆಳಿರಿ ಎಂದೂ ಅಲ್ಲಿದೆಯಲ್ಲ? ಪ್ರಕೃತಿಯನ್ನು ಹಾಳುಮಾಡಲು ಇದೇ ಪರವಾನಗಿಯಲ್ಲವೇ?

ಹೀಬ್ರೂ ಕ್ರಿಯಾಪದಗಳು ಮೃದುವಾದವುಗಳೇನಲ್ಲ. ಅವು ಅರಸನ ಅಧಿಕಾರದ ಪದಗಳು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಅಧಿಕಾರ ಯಾರ ಹೆಸರಿನಲ್ಲಿ ಎಂಬುದು ಮುಖ್ಯ, ಮತ್ತು ಇದಕ್ಕೆ ನಮ್ಮ ನಾಡಿನಲ್ಲಿಯೇ ಸರಿಯಾದ ಉಪಮೆಯಿದೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗಳು ಕೆರೆಗಳಿಂದ ಬದುಕಿದವು, ಕೆರೆಗಳು ನೀರಗಂಟಿಯಿಂದ ಬದುಕಿದವು. ತೂಬು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುವವನು ಅವನೇ. ಊರಿನ ದೊಡ್ಡ ಹಿಡುವಳಿದಾರನೂ ಅವನ ಮಾತನ್ನು ಮೀರುವಂತಿರಲಿಲ್ಲ. ಆದರೂ ಕೆರೆ ಅವನದಲ್ಲ. ಅನೇಕ ಊರುಗಳಲ್ಲಿ ಅವನು ಜಮೀನಿಲ್ಲದ ದಲಿತ ಕುಟುಂಬದವನು. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪಿತೇ ಎಂಬುದರಿಂದ ಅವನ ಕೆಲಸವನ್ನು ಅಳೆಯುತ್ತಿದ್ದರು. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆಂದು ಹೇಳುವಾಗ ನನ್ನ ಕಣ್ಣಮುಂದೆ ಬರುವುದು ಈ ನೀರಗಂಟಿ.

ಕೊಳವೆಬಾವಿ ಬಂದ ಮೇಲೆ ನೀರಗಂಟಿ ಹೋದ. ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ಅರಸನಾಗಿ ಸಾವಿರ ಅಡಿಗಿಂತ ಕೆಳಕ್ಕೆ ಕೊರೆಸಿದ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅದರ ಪರ ವಿರೋಧದ ವಾದವನ್ನು ಇಲ್ಲಿ ಎತ್ತುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ರಾಶಿಬಿದ್ದಿರುವ ಕೆ.ಜಿ.ಎಫ್.ನ ಸೈನೈಡ್ ಗುಡ್ಡಗಳಿಂದ ಗಾಳಿಗೆ ಏಳುವ ದೂಳನ್ನು ಕಂಡವರಿಗೆ, ಆಳುವುದು ಬೇರೆ, ದೋಚಿಕೊಂಡು ಹೋಗುವುದು ಬೇರೆ ಎಂದು ವ್ಯಾಕರಣದಿಂದ ಸಾಧಿಸಿ ತೋರಿಸಬೇಕಾಗಿಲ್ಲ.

ಪ್ರಾಣಿಗಳು ದೇವರ ಸ್ವರೂಪದಲ್ಲಿ ಇಲ್ಲವೇ?

ಆದಿಕಾಂಡ ಅವುಗಳ ಬಗ್ಗೆ ಆ ಮಾತನ್ನು ಹೇಳಿಲ್ಲ. ಆದರೆ ‘ಬದುಕುವ ಪ್ರಾಣಿ’ ಎಂಬ ಹೀಬ್ರೂ ಮಾತು ಮೀನು, ಹಕ್ಕಿ, ದನ, ಮನುಷ್ಯ ಎಲ್ಲಕ್ಕೂ ಒಂದೇ. ಮನುಷ್ಯನೂ ನೆಲದ ಮೇಲಿನ ಮೃಗಗಳೂ ಉಂಟಾದದ್ದು ಒಂದೇ ದಿನ, ಆರನೆಯ ದಿನದಲ್ಲಿ.

‘ದೇಹವೇ ದೇಗುಲ’ ಎಂದು ಬಸವಣ್ಣನವರೂ ಹೇಳಿದ್ದಾರೆ. ಅದೂ ಇದೂ ಒಂದೇ ಅಲ್ಲವೇ?

ತುಮಕೂರಿನಿಂದ ಬಂದ ಒಬ್ಬ ಗೆಳೆಯರು ಇದನ್ನು ಕೇಳಿದರು. ಸಿದ್ಧಗಂಗೆಯ ದಾಸೋಹದಲ್ಲಿ ಊಟ ಮಾಡಿ ಓದಿದವರು ಅವರು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಆ ಮಠದ ಬಗ್ಗೆ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಬಗ್ಗೆ ಮಾತನಾಡುವಾಗ ಅವರ ದನಿಯೇ ಬದಲಾಗುತ್ತಿತ್ತು. ಸ್ಥಾವರಕ್ಕಿಂತ ಜಂಗಮಕ್ಕೆ, ಕಲ್ಲಿನ ಗುಡಿಗಿಂತ ನಡೆದಾಡುವ ಮನುಷ್ಯನಿಗೆ ಹೆಚ್ಚಿನ ಬೆಲೆಯೆಂಬ ವಿಷಯದಲ್ಲಿ ಶರಣರ ವಚನಕ್ಕೂ ಆದಿಕಾಂಡಕ್ಕೂ ಆಳವಾದ ಸಾಮ್ಯವಿದೆ, ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಒಂದೇ ಎಂದು ಮಾತ್ರ ಹೇಳಲಾರೆ. ಶರಣರ ಹಾದಿ ಶಿವನೂ ಭಕ್ತನೂ ಒಂದಾಗುವ ಲಿಂಗಾಂಗ ಸಾಮರಸ್ಯದ ಕಡೆಗೆ ಸಾಗುತ್ತದೆ. ಅದ್ವೈತವಂತೂ ಜೀವ ಬ್ರಹ್ಮಗಳಲ್ಲಿ ಭೇದವೇ ಇಲ್ಲವೆನ್ನುತ್ತದೆ. ಬೈಬಲಿನಲ್ಲಿ ಮನುಷ್ಯನು ದೇವರ ಅಂಶವಲ್ಲ, ದೇವರು ಮಾಡಿದವನು. ಪ್ರತಿಮೆ ಎಷ್ಟೇ ಹೋಲಲಿ, ಕಡೆದವನು ಬೇರೆ, ಕಡೆಯಲ್ಪಟ್ಟದ್ದು ಬೇರೆ. ಗೆಳೆಯರು ಇದನ್ನು ಒಪ್ಪಲಿಲ್ಲ. ಹೋಗುವಾಗ ಊಟ ಮಾಡಿಕೊಂಡೇ ಹೋದರು.

ಮುಸ್ಲಿಮರ ನಂಬಿಕೆಯಲ್ಲಿ ಇಂಥದ್ದಿದೆಯೇ?

ಕುರಾನಿನಲ್ಲಿ ಮನುಷ್ಯನನ್ನು ಭೂಮಿಯ ಮೇಲಿನ ‘ಖಲೀಫ’, ಅಂದರೆ ಪ್ರತಿನಿಧಿ, ಎಂದಿದೆ. ದೇವರಿಗೆ ಸಮಾನವಾದುದು ಯಾವುದೂ ಇಲ್ಲವೆಂದೂ ಇದೆ. ಅಲ್ಲಾಹನು ಆದಮರನ್ನು ‘ತನ್ನ ಸೂರತ್’ನಲ್ಲಿ, ಅಂದರೆ ರೂಪದಲ್ಲಿ, ಸೃಷ್ಟಿಸಿದನೆಂಬ ಹದೀಸ್ (ಪ್ರವಾದಿಯ ಮಾತು) ಇದ್ದು, ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಸಹೋದರನೊಡನೆ ಹೊಡೆದಾಟವಾದರೂ ಮುಖಕ್ಕೆ ಹೊಡೆಯಬೇಡಿ ಎಂಬ ಆದೇಶಕ್ಕೆ ಒಂದು ಪಾಠದಲ್ಲಿ ಇದೇ ಕಾರಣವನ್ನು ಕೊಟ್ಟಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಕ್ರಿಸ್ತನೇ ದೇವರ ಸ್ವರೂಪವೆಂದು ಪೌಲನು ಬರೆದದ್ದು ಏಕೆ?

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯದ 15ನೆಯ ವಚನದಲ್ಲಿ ಅವನು ಕ್ರಿಸ್ತನನ್ನು ಅದೃಶ್ಯನಾದ ದೇವರ ‘ಐಕೋನ್’ ಎಂದು ಕರೆಯುತ್ತಾನೆ. ನಾವು ಸ್ವರೂಪ‘ದಲ್ಲಿ’ ಉಂಟಾದವರು, ಅವನು ಸ್ವರೂಪ‘ವೇ’. ಅಂದರೆ ಮನುಷ್ಯ ಎಂಥವನಾಗಿರಬೇಕಿತ್ತೆಂದು ತಿಳಿಯಲು ಹಿಂದಕ್ಕೆ ಆದಾಮನನ್ನು ನೋಡುವುದಕ್ಕಿಂತ ಕ್ರಿಸ್ತನನ್ನು ನೋಡಬೇಕು. 3ನೆಯ ಅಧ್ಯಾಯದಲ್ಲಿ ಹೊಸ ಮನುಷ್ಯನು ತನ್ನನ್ನು ಸೃಷ್ಟಿಸಿದವನ ಸ್ವರೂಪದ ಪ್ರಕಾರ ನೂತನವಾಗುತ್ತಿದ್ದಾನೆಂದು ಹೇಳಿದ ಬೆನ್ನಲ್ಲೇ, ಅಲ್ಲಿ ಗ್ರೀಕನೆಂದೂ ಯೆಹೂದ್ಯನೆಂದೂ, ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಪೌಲನು ಸೇರಿಸುತ್ತಾನೆ. ಆ ಸ್ವರೂಪವು ಪಟ್ಟಣದ ಹೊರಗೆ, ಅಪರಾಧಿಯ ಮರದ ಮೇಲೆ ತೂಗಿತೆಂಬುದನ್ನು ಕ್ರೈಸ್ತರು ಎಂದೂ ಬಿಟ್ಟು ಮಾತನಾಡುವಂತಿಲ್ಲ.

ಸತ್ತ ಮೇಲೆ ದೇಹಕ್ಕೆ ಈ ಗೌರವ ಉಳಿಯುತ್ತದೆಯೇ? ಅಪರಾಧಿಯ ದೇಹಕ್ಕೂ?

ವಾರಸುದಾರರಿಲ್ಲದ ಶವವೊಂದನ್ನು ಮಣ್ಣು ಮಾಡಲು ನಮ್ಮ ಯುವಕರು ಹೋದಾಗ, ಸತ್ತವನು ಕಳ್ಳನಾಗಿದ್ದನೆಂದು ಯಾರೋ ಹೇಳಿದ್ದರಿಂದ ಈ ಪ್ರಶ್ನೆ ಹುಟ್ಟಿತು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ, ಮರಣದಂಡನೆಯಾಗಿ ಮರಕ್ಕೆ ತೂಗುಹಾಕಿದವನ ಶವ ರಾತ್ರಿಯೆಲ್ಲ ಅಲ್ಲಿರಬಾರದು, ಆ ದಿನವೇ ಹೂಳಬೇಕೆಂಬ ನಿಯಮವಿದೆ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದಿನಲ್ಲಿ ಈ ನಿಯಮಕ್ಕೆ ರಬ್ಬಿ ಮೇಯಿರನು ಹೇಳಿದ ಒಂದು ಸಾಮ್ಯಕಥೆಯಿದೆ. ಒಂದು ಊರಿನಲ್ಲಿ ಅವಳಿ ಸಹೋದರರಿದ್ದರು. ಒಬ್ಬನು ಅರಸನಾದನು, ಇನ್ನೊಬ್ಬನು ದರೋಡೆಗಿಳಿದನು. ಅರಸನ ಅಪ್ಪಣೆಯಂತೆ ದರೋಡೆಗಾರನನ್ನು ಹಿಡಿದು ಗಲ್ಲಿಗೇರಿಸಿದರು. ದಾರಿಯಲ್ಲಿ ಹೋಗುವವರೆಲ್ಲ ತಲೆಯೆತ್ತಿ ನೋಡಿ, ‘ಅರಸನನ್ನು ಗಲ್ಲಿಗೇರಿಸಿದ್ದಾರೆ’ ಎಂದರು. ಅರಸನು ಅದನ್ನು ಕೇಳಿ, ಶವವನ್ನು ಇಳಿಸಿರೆಂದು ಆಜ್ಞಾಪಿಸಿದನು.